ಎತ್ತಿ ಕುಡಿಯುವ ನೀರು

ಹೋದ ತಿಂಗಳು ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ನನ್ನ ಗಂಟಲನ್ನು ಪರೀಕ್ಷಿಸಿದರು. ಎಂಬತ್ತು ದಾಟಿದ ಮೇಲೆ ಊಟದ ನಡುವೆ ಕೆಮ್ಮು ಬರತೊಡಗಿತ್ತು. ಪರೀಕ್ಷೆ ಮಾಡಿದ ಹುಡುಗಿ ಚುರುಕಾಗಿದ್ದಳು. ನುಂಗುವ ಸ್ನಾಯುಗಳು ಸ್ವಲ್ಪ ನಿಧಾನವಾಗಿವೆ, ಹೆದರುವಂಥದ್ದೇನಿಲ್ಲ ಎಂದು ಹೇಳಿ ಬಣ್ಣದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟಳು. ನೆಟ್ಟಗೆ ಕೂರಬೇಕು, ಸಣ್ಣ ತುತ್ತು ತಿನ್ನಬೇಕು, ಗದ್ದ ಬಗ್ಗಿಸಿ ನುಂಗಬೇಕು, ತೆಳ್ಳಗಿನ ಪದಾರ್ಥವನ್ನು ಗಟ್ಟಿ ಮಾಡಿಕೊಳ್ಳಬೇಕು. ಗಟ್ಟಿ ಮಾಡುವ ಪುಡಿಯ ಡಬ್ಬಿ ಅಲ್ಲೇ ಸಿಗುತ್ತಿತ್ತು. ನಾನು ಅದನ್ನು ಕೊಳ್ಳದೆ ನಾಲ್ಕನೇ ಬ್ಲಾಕಿನ ಗ್ರಂಧಿಗೆ ಅಂಗಡಿಗೆ ಹೋಗಿ ಆರಾರೂಟ್ ಹಿಟ್ಟು ತಂದೆ.

ಸಂಜೆ ಅದನ್ನು ಹಾಲಿಗೆ ಹಾಕಿ ಒಲೆಯ ಮೇಲೆ ಕದಡುತ್ತಿದ್ದಾಗ ಗಂಜಿ ಹಾಕಿ ಒಣಗಿಸಿದ ಬಟ್ಟೆಯಂಥ ಸಪ್ಪೆ ವಾಸನೆ ಎದ್ದಿತು. ಒಡನೆ ಶೇಷಗಿರಿ ರಾಯರ ಮನೆಯ ಅಡುಗೆಮನೆ ಕಣ್ಣಿಗೆ ಬಂತು. ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ಜೂನ್‌ನಿಂದ ಕಾರ್ತಿಕದವರೆಗೆ ಆ ಮನೆಯವರಿಗೆ ಪಾಠ ಹೇಳಲು ಹೋಗಿ ಪಾಠ ಕಲಿತು ಬಂದವಳು ನಾನು.

ಆಗ ನಾನು ಜಯನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದೆ. ಮನೆ ಹನುಮಂತನಗರದಲ್ಲಿ. ನಾಲ್ಕೂ ಮುಕ್ಕಾಲಿಗೆ ಏಳುವುದು, ಆರೂ ಇಪ್ಪತ್ತರ ಬಸ್ಸು, ಏಳಕ್ಕೆ ಹಿಂದಿನ ಪಾಳಿಯವರಿಂದ ವಾರ್ಡು ವಹಿಸಿಕೊಳ್ಳುವುದು. ನಮಗೆ ತರಬೇತಿ ಕೊಟ್ಟ ಮೇಟ್ರನ್ ಹಾಸಿಗೆಯ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಹೊದಿಕೆ ಸಡಿಲವಾಗಿದ್ದರೆ ಇಡೀ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿ ಮತ್ತೆ ಮೊದಲಿನಿಂದ ಹಾಸಿಸುತ್ತಿದ್ದರು. ಏನು ಮಾಡಿದರೂ ಬರೆದಿಡಬೇಕು, ಬರೆದದ್ದರ ಮುಂದೆ ಗುರುತು ಹಾಕಬೇಕು ಎಂಬುದನ್ನು ಅವರಿಂದಲೇ ಕಲಿತೆ. ಪಟ್ಟಿಯಿದ್ದರೆ ಕೆಲಸ ಅರ್ಧ ಆದಂತೆ ಎಂದು ನಂಬಿದ್ದೆ.

ಆ ವರ್ಷ ನಮ್ಮ ಆಸ್ಪತ್ರೆಗೆ ಪ್ರಭಾಕರ ಎಂಬ ತರುಣ ವಾರಕ್ಕೆ ಎರಡು ದಿನ ಬರತೊಡಗಿದ. ಲಕ್ವ ಹೊಡೆದು ಮಾತು ಹೋದವರಿಗೆ ಮಾತು ಕಲಿಸುವುದು ಅವನ ಕೆಲಸ. ಮೈಸೂರಿನಲ್ಲಿ ಓದಿ ಬಂದಿದ್ದ. ರೋಗಿಗಳು ಅವನನ್ನು ಮಾತಿನ ಡಾಕ್ಟರು ಎನ್ನುತ್ತಿದ್ದರು. ಬಂದ ತಿಂಗಳಲ್ಲೇ ಅವನು ಒಂದು ವಿಷಯ ಎತ್ತಿದ. ಲಕ್ವದವರು ನಮ್ಮಲ್ಲಿ ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ, ಕೆಲವರು ಮೂರು ನಾಲ್ಕು ವಾರದಲ್ಲಿ ಜ್ವರ, ಎದೆಯಲ್ಲಿ ಕಫ ಎಂದು ವಾಪಸು ಬರುತ್ತಾರೆ. ಎಲ್ಲರೂ ಅದನ್ನು ಥಂಡಿ ಎನ್ನುತ್ತಾರೆ. ಥಂಡಿಯಲ್ಲ, ನುಂಗಿದ್ದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುತ್ತಿದೆ ಎಂದು ಅವನು ಹೇಳಿದ. ಲಕ್ವದಿಂದ ಗಂಟಲಿನ ಸ್ಪರ್ಶ ಹೋದವರಿಗೆ ಹಾಗೆ ಜಾರಿದರೂ ಕೆಮ್ಮೇ ಬರುವುದಿಲ್ಲ, ಆದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಮನೆಗೆ ಹೋಗುವ ಮೊದಲು ರೋಗಿಗೂ ಊಟ ಮಾಡಿಸುವವರಿಗೂ ಕಲಿಸಬೇಕು ಎಂದ.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಗುರುವಾರ ಮಧ್ಯಾಹ್ನ ಮೂರಕ್ಕೆ ಕಾರಿಡಾರಿನ ಕೊನೆಯಲ್ಲಿ ಎರಡು ಬೆಂಚು ಹಾಕಿಸಿ ತರಗತಿ ಆರಂಭಿಸಿದೆ. ಪ್ರಭಾಕರ ಹೇಳಿದ್ದನ್ನೆಲ್ಲ ಹನ್ನೆರಡು ಸಾಲಿನಲ್ಲಿ ಬರೆದು ಸೈಕ್ಲೋಸ್ಟೈಲ್ ಮಾಡಿಸಿದೆ. ಹಂಚುವುದಷ್ಟೇ ಅಲ್ಲ, ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಹನ್ನೆರಡನ್ನೂ ಒಪ್ಪಿಸುವಂತೆ ಹೇಳುತ್ತಿದ್ದೆ. ತಪ್ಪಿದವರು ಮುಂದಿನ ಗುರುವಾರ ಮತ್ತೆ ಬರಬೇಕು.

ಒಂದೂ ತಪ್ಪಿಲ್ಲದೆ ಮೊದಲು ಒಪ್ಪಿಸಿದವರು ಪದ್ಮಾವತಮ್ಮ. ಶೇಷಗಿರಿ ರಾಯರ ಹೆಂಡತಿ. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಕೈ ಚುರುಕು. ರಾಯರು ಜಯನಗರದಲ್ಲಿ ಕಾಫಿಪುಡಿಯ ಅಂಗಡಿ ಇಟ್ಟಿದ್ದವರು. ಬೀಜ ಹುರಿಯುವ ಹದವನ್ನು ಬರೀ ವಾಸನೆಯಿಂದ ಹೇಳುತ್ತಿದ್ದರಂತೆ. ಬೇಸಿಗೆಯ ಕೊನೆಯಲ್ಲಿ ಅಂಗಡಿಯಲ್ಲೇ ಕುಸಿದರು. ಬಲಗಡೆಯ ಕೈಕಾಲು, ಮಾತು, ನುಂಗುವ ಶಕ್ತಿ ಮೂರೂ ಒಟ್ಟಿಗೆ ಹೋದವು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಆಹಾರ ಕೊಡುತ್ತಿದ್ದೆವು. ಅವರು ಎಡಗೈಯಲ್ಲಿ ಅದನ್ನು ಕಿತ್ತು ಹಾಕುತ್ತಿದ್ದರು. ಎರಡು ಸಲ ಕಿತ್ತ ಮೇಲೆ ಆ ಕೈಯನ್ನು ಮಂಚಕ್ಕೆ ಕಟ್ಟಬೇಕಾಯಿತು. ಕಟ್ಟಿದ್ದು ನಾನೇ. ಪದ್ಮಾವತಮ್ಮ ಆಗ ಹೊರಗೆ ಹೋಗಿ ನಿಂತಿದ್ದರು.

ಜೂನ್ ಕೊನೆಯ ಹೊತ್ತಿಗೆ ನುಂಗುವುದು ಸ್ವಲ್ಪ ಸುಧಾರಿಸಿತು. ಪ್ರಭಾಕರ ದಿನಾ ಚಮಚದಲ್ಲಿ ಕೊಟ್ಟು ನೋಡಿದ. ಗದ್ದವನ್ನು ಎದೆಯ ಕಡೆ ಬಗ್ಗಿಸಿದರೆ ಅವರಿಗೆ ಸರಿಯಾಗಿ ಇಳಿಯುತ್ತಿತ್ತು. ಎಲ್ಲರಿಗೂ ಇದೇ ಹೊಂದುವುದಿಲ್ಲ, ಇವರಿಗೆ ಹೊಂದುತ್ತದೆ ಎಂದು ಅವನು ನನ್ನ ಪುಸ್ತಕದಲ್ಲಿ ಬರೆಸಿದ. ಕೊಳವೆ ತೆಗೆದೆವು. ಅನ್ನವನ್ನು ಕಿವುಚಿ ಮೆತ್ತಗೆ ಮಾಡಿ, ಕುಡಿಯುವುದನ್ನೆಲ್ಲ ಆರಾರೂಟ್ ಹಾಕಿ ಗಟ್ಟಿ ಮಜ್ಜಿಗೆಯ ಹದಕ್ಕೆ ತಂದು ಕೊಡಬೇಕೆಂದು ಹೇಳಿ ಮನೆಗೆ ಕಳುಹಿಸಿದೆವು.

ಹದಿನೆಂಟನೆಯ ದಿನ ಜ್ವರದೊಂದಿಗೆ ಬಂದರು. ಹೊರಗೆ ಜಿಟಿಜಿಟಿ ಮಳೆ. ಮಗಳು ಸುಧಾ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದವಳು, ಕಿಟಕಿ ತೆರೆದಿಟ್ಟಿದ್ದು ತನ್ನದೇ ತಪ್ಪು ಎಂದು ಅಳುತ್ತಿದ್ದಳು. ನಾನು ತಾಯಿಯನ್ನು ಪಕ್ಕಕ್ಕೆ ಕರೆದು ಪಟ್ಟಿ ತೆಗೆದೆ. ಒಂದೊಂದೇ ಸಾಲು ಕೇಳಿದೆ. ಎಲ್ಲಕ್ಕೂ ಮಾಡಿದ್ದೇನೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಕನಿಕರಪಟ್ಟು ಏನೋ ತಿನ್ನಿಸಿರಬೇಕು, ಕದ್ದು ತೆಳು ಕಾಫಿ ಕೊಟ್ಟಿರಬೇಕು ಎಂದುಕೊಂಡೆ. ಹಾಗೆಯೇ ಕೇಳಿಯೂ ಬಿಟ್ಟೆ. ಪದ್ಮಾವತಮ್ಮ ನನ್ನನ್ನು ನೇರವಾಗಿ ನೋಡಿ, "ಬೇಕಾದ್ರೆ ಮನೆಗೆ ಬಂದು ನೋಡಿ ಸಿಸ್ಟರ್. ಒಂದಕ್ಷರ ಬಿಟ್ಟಿಲ್ಲ ನಾನು" ಎಂದರು.

ಆ ಸಲ ಹತ್ತು ದಿನದಲ್ಲಿ ಗುಣವಾಯಿತು. ರಾಯರು ಮನೆಗೆ ಹೋದ ಮೇಲೆ ಒಂದು ಭಾನುವಾರ, ನನ್ನ ರಜೆಯ ದಿನ, ನೋಡಲೆಂದೇ ಹೋದೆ. ಬನಶಂಕರಿ ಎರಡನೇ ಹಂತದಲ್ಲಿ ಮನೆ. ಆಗ ಆ ಕಡೆ ಅರ್ಧ ಸೈಟುಗಳು ಖಾಲಿ. ಮಳೆ ಬಂದರೆ ಬಸ್ ಸ್ಟಾಪಿನಿಂದ ಅವರ ಗೇಟಿನವರೆಗೆ ಕೆಂಪು ಕೆಸರು. ಸುಧಾ ನನ್ನ ಕಾಲಿಗೆ ಒಂದು ಬಕೆಟ್ ನೀರು ತಂದಿಟ್ಟಳು.

ಗೋಡೆಯ ಮೇಲೆ ನನ್ನ ಹನ್ನೆರಡು ಸಾಲು ಅಂಟಿಸಿತ್ತು, ದೇವರ ಪಟದ ಕೆಳಗೆ. ರಾಯರನ್ನು ಕೈಯಿರುವ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದರು. ಬೆನ್ನಿಗೆ ದಿಂಬು. ರೇಡಿಯೋ ಆರಿಸಿತ್ತು. ಪದ್ಮಾವತಮ್ಮ ಚಿಕ್ಕ ಚಮಚದಲ್ಲಿ ಕಿವುಚಿದ ಅನ್ನ ಕೊಟ್ಟು, ಎರಡು ಬೆರಳಿನಿಂದ ಅವರ ತಲೆಯ ಹಿಂಭಾಗವನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸುತ್ತಿದ್ದರು. ನುಂಗಿದ್ದು ನೋಡಿದ ಮೇಲೆಯೇ ಮುಂದಿನ ತುತ್ತು. ಊಟ ಮುಗಿದ ಮೇಲೆ ಎಂಟನೆಯ ಸಾಲಿನಂತೆ "ಆ" ಅನ್ನಿಸಿ, ಗಂಟಲಲ್ಲಿ ಏನೂ ಉಳಿಯದೆ ಧ್ವನಿ ಸ್ವಚ್ಛವಾಗಿದೆಯೇ ಎಂದು ಕಿವಿಗೊಟ್ಟು ಕೇಳಿದರು. ಕೊನೆಗೆ ಆರಾರೂಟ್ ಹಾಕಿದ ಕಾಫಿ ಬಂತು. ನಾನು ಚಮಚ ಅದ್ದಿ ಹದ ನೋಡಿದೆ. ಸರಿಯಾಗಿತ್ತು. ಸುಧಾ ನಗುತ್ತಾ, ಇದರಲ್ಲಿ ಎಲೆಕ್ಷನ್ ಪೋಸ್ಟರ್ ಅಂಟಿಸಬಹುದು ಎಂದಳು. ರಾಯರು ಕಾಫಿಯ ಕಡೆ ನೋಡಿದ ನೋಟವನ್ನು ನಾನು ಯಾವ ಪಟ್ಟಿಯಲ್ಲೂ ಬರೆಯಲಾರೆ. ಪದ್ಮಾವತಮ್ಮ ಅದನ್ನು ಕುಡಿಸಿದರು, ಸೆರಗಿನಿಂದ ಬಾಯಿ ಒರೆಸಿದರು.

ನನ್ನ ಪುಸ್ತಕದಲ್ಲಿ ಹನ್ನೆರಡು ಸಾಲಿನ ಮುಂದೂ ಗುರುತು ಹಾಕಿ, ಅವರು ಕೊಟ್ಟ ನೀರು ಕುಡಿದು ಬಸ್ಸು ಹಿಡಿದೆ.

ಆಗಸ್ಟಿನಲ್ಲಿ ರಾಯರಿಗೆ ಮತ್ತೆ ಜ್ವರ. ಈ ಸಲ ಎರಡೂ ಶ್ವಾಸಕೋಶ. ಆಮ್ಲಜನಕ ಹಾಕಿದೆವು, ಮೂಗಿನ ಕೊಳವೆ ವಾಪಸು ಬಂತು, ಎಡಗೈ ಮತ್ತೆ ಮಂಚಕ್ಕೆ. ಹಿರಿಯ ವೈದ್ಯರು ಮನೆಯವರನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: ಈ ಸಲ ಉಳಿಸಬಹುದು. ಇನ್ನೊಂದು ಸಲ ಹೀಗೆ ಬಂದರೆ ಈ ಎದೆ ತಡೆಯುವುದಿಲ್ಲ. ಕೊಳವೆ ಹಾಗೆಯೇ ಇಟ್ಟು ಮನೆಗೆ ಕಳುಹಿಸುವುದು ಒಂದು ದಾರಿ, ಆದರೆ ಕೈ ಬಿಚ್ಚಿದ ದಿನ ಅವರು ಅದನ್ನು ಕೀಳುತ್ತಾರೆ.

ಪದ್ಮಾವತಮ್ಮ ಕೊಠಡಿಯಿಂದ ಹೊರಬಂದು ನನ್ನ ಮುಂದೆ ನಿಂತರು. ಜೋರು ಮಾಡಲಿಲ್ಲ. "ನೀವೇ ನೋಡಿದ್ರಲ್ಲ ಸಿಸ್ಟರ್. ಟಿಕ್ ಹಾಕ್ಕೊಂಡ್ರಲ್ಲ" ಎಂದರು ಅಷ್ಟೇ.

ಎರಡು ದಿನ ಆ ಗುರುತುಗಳ ಪುಟವನ್ನೇ ತಿರುವಿ ನೋಡಿದೆ. ಪ್ರಭಾಕರನೂ ನೋಡಿದ. ಅವನಿಗೂ ಏನೂ ಕಾಣಲಿಲ್ಲ, ಕಾಣುವಂತೆ ನಾನು ಏನನ್ನೂ ಬರೆದಿರಲಿಲ್ಲ.

ಮೂರನೆಯ ದಿನ ಡ್ಯೂಟಿ ರೂಮಿನಲ್ಲಿ ನೀರು ಕುಡಿಯುತ್ತಿದ್ದೆ. ಮಡಕೆಯಿಂದ ಲೋಟದಲ್ಲಿ ತೆಗೆದುಕೊಂಡು ಎಂದಿನಂತೆ ಕತ್ತು ಹಿಂದಕ್ಕೆ ಹಾಕಿ ಎತ್ತಿ ಹೊಯ್ದುಕೊಳ್ಳುತ್ತಿದ್ದೆ. ಯಾರೋ ಬಾಗಿಲಲ್ಲಿ ಸಿಸ್ಟರ್ ಎಂದು ಕರೆದರು. ತಿರುಗಿದೆ. ನೀರು ತಪ್ಪು ದಾರಿ ಹಿಡಿಯಿತು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿ, ಗೋಡೆ ಹಿಡಿದು ನಿಂತೆ. ಆಗ ಹೊಳೆಯಿತು.

ಆ ಭಾನುವಾರ ಪದ್ಮಾವತಮ್ಮ ಕಾಫಿಯನ್ನು ಹೇಗೆ ಕುಡಿಸಿದ್ದರು? ಎಡಗೈಯಿಂದ ರಾಯರ ಗದ್ದವನ್ನು ಮೇಲಕ್ಕೆತ್ತಿ, ಬಲಗೈಯ ಲೋಟವನ್ನು ತುಟಿಗೆ ತಾಗದಂತೆ ಮೇಲಿನಿಂದ ಹೊಯ್ದಿದ್ದರು. ಮೂರು ಸಲ. ನನ್ನ ಕಣ್ಣೆದುರಿಗೆ. ಹದ ಸರಿ, ಲೋಟ ತೊಳೆದಿದೆ, "ಆ" ಅನ್ನಿಸಿದ್ದಾಗಿದೆ, ಅದೂ ಕಾಫಿಗೆ ಮೊದಲು. ಚಮಚದ ಊಟಕ್ಕೆಲ್ಲ ತಲೆ ಬಗ್ಗಿಸಿದವರು ಕುಡಿಯುವಾಗ ಮಾತ್ರ ತಲೆ ಎತ್ತಿಸಿದ್ದರು. ಗಂಟಲಿನ ಬಾಗಿಲು ಸರಿಯಾಗಿ ಮುಚ್ಚದವರಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ನನ್ನ ಪಟ್ಟಿಯಲ್ಲಿ "ಗದ್ದ ಬಗ್ಗಿಸಿ ನುಂಗಬೇಕು" ಎಂದಿತ್ತು. ಕುಡಿಯುವುದನ್ನು ಅವರು ನುಂಗುವುದು ಎಂದು ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ. ಆಸ್ಪತ್ರೆಯಲ್ಲಿ ಮೂತಿಯಿರುವ ಕಪ್ಪಿನಿಂದ ಕೊಡುತ್ತಿದ್ದೆವು, ಅಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. ಮನೆಯಲ್ಲಿ ಲೋಟ ಕಚ್ಚಿ ಕುಡಿದರೆ ಎಂಜಲು. ಅವರ ಮನೆಯಲ್ಲಿ ಹೇಗೋ ನನ್ನ ಮನೆಯಲ್ಲೂ ಹಾಗೆಯೇ. ಹುಟ್ಟಿದಾಗಿನಿಂದ ಎತ್ತಿ ಕುಡಿದವಳ ಕಣ್ಣಿಗೆ ಇನ್ನೊಬ್ಬರು ಎತ್ತಿ ಕುಡಿಸುವುದು ಕಾಣುವುದು ಹೇಗೆ?

ಅವತ್ತೇ ಪದ್ಮಾವತಮ್ಮನವರಿಗೆ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು, ರೋಗಿಗೆ ಎಂಜಲಿನ ದೋಷವಿಲ್ಲ, ಅವರಿಗೆ ಕಚ್ಚಿ ಕುಡಿಸುತ್ತೇನೆ ಎಂದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ.

ತೊಡಕು ಬಂದದ್ದು ರಾಯರಿಂದ. ಸೆಪ್ಟೆಂಬರಿನಲ್ಲಿ ಕೊಳವೆ ತೆಗೆದು, ಮನೆಗೆ ಕಳುಹಿಸಿ, ಪ್ರತಿದಿನ ಪಾಳಿ ಮುಗಿದ ಮೇಲೆ ನಾನೇ ಹೋಗಲು ನಿಶ್ಚಯಿಸಿದೆ. ಕಪ್ಪಿನ ಮೂತಿಯನ್ನು ಅವರು ಮನೆಯಲ್ಲಿ ಬಾಯಿಗೆ ಸೇರಿಸಲಿಲ್ಲ, ಕೂಸಿನ ಸಾಮಾನೆಂದು ತಳ್ಳಿದರು. ಲೋಟವನ್ನು ತುಟಿಗೆ ತಂದರೆ ತುಟಿ ಬಿಗಿದು ತಲೆ ಹಿಂದಕ್ಕೆ ಎತ್ತುತ್ತಿದ್ದರು. ಅರವತ್ತೈದು ವರ್ಷದ ರೂಢಿ. ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಲಕ್ವ ಅವರಿಂದ ಮಾತಾಡುವುದನ್ನಷ್ಟೇ ಅಲ್ಲ, ಮಾತು ತಿಳಿಯುವುದನ್ನೂ ಬಹಳಷ್ಟು ಕಸಿದಿತ್ತು. ಪ್ರಭಾಕರ ಬಂದು ನೋಡಿ, ಇವರಿಗೆ ಹೇಳಿ ಕಲಿಸಲಾಗುವುದಿಲ್ಲ, ತೋರಿಸಿ ಕಲಿಸಬೇಕು ಎಂದ. ಎದುರಿಗೆ ಕೂತು ಒಬ್ಬರು ಲೋಟವನ್ನು ತುಟಿಗಿಟ್ಟು, ಗದ್ದ ಬಗ್ಗಿಸಿ, ಗುಟುಕು ಗುಟುಕಾಗಿ ಕುಡಿಯಬೇಕು. ಅವರು ನೋಡಿ ಹಾಗೇ ಮಾಡುತ್ತಾರೆ. ಪ್ರತಿ ಸಲ, ಪ್ರತಿದಿನ, ರೂಢಿಯಾಗುವವರೆಗೆ.

ಸುಧಾ ಎಂಟಕ್ಕೆ ಹೊರಟರೆ ಸಂಜೆಯೇ ಬರುತ್ತಿದ್ದಳು. ನಾನು ದಿನಕ್ಕೊಮ್ಮೆ ಮಾತ್ರ. ಉಳಿದವರು ಪದ್ಮಾವತಮ್ಮ ಒಬ್ಬರೇ.

ಅವರು ಆಗುವುದಿಲ್ಲ ಎಂದರು. ಮನೆಯ ದೇವರಿಗೆ ನೈವೇದ್ಯದ ಅಡುಗೆ ಮಡಿಯಲ್ಲಿ ಅವರೇ ಮಾಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಮರೆತು ಲೋಟ ಕಚ್ಚಿದ್ದಕ್ಕೆ ಅತ್ತೆ ಆ ಲೋಟವನ್ನು ಅವರ ಕೈಯಲ್ಲೇ ಹಿತ್ತಲಿಗೆ ಎಸೆಸಿದ್ದರಂತೆ. ಅಲ್ಲಿಂದಾಚೆಗೆ ಒಂದು ದಿನವೂ ತಪ್ಪಿರಲಿಲ್ಲ. ಎರಡು ದಿನ ಈ ಮಾತೇ ನಡೆಯಿತು. ಆ ಎರಡು ದಿನ ರಾಯರಿಗೆ ಚಮಚದಲ್ಲೇ ಕುಡಿಸಿದೆವು. ಅವರು ನಾಲ್ಕು ಚಮಚಕ್ಕೆ ಬೇಸತ್ತು ಮುಖ ತಿರುಗಿಸುತ್ತಿದ್ದರು. ನಾಲಿಗೆ ಒಣಗಿತ್ತು, ಮೂತ್ರ ಕಡಿಮೆಯಾಗಿತ್ತು. ಹೀಗೆಯೇ ಆದರೆ ನಾಡಿದ್ದು ಮತ್ತೆ ಕೊಳವೆಯೇ ಗತಿ ಎಂದು ನಾನು ಹೇಳಬೇಕಾಯಿತು.

ಮೂರನೆಯ ಸಂಜೆ ಹೋದಾಗ ಪದ್ಮಾವತಮ್ಮ ರಾಯರ ಎದುರಿಗೆ ಒಂದು ಸ್ಟೂಲ್ ಹಾಕಿದ್ದರು. ಅದರ ಮೇಲೆ ಮೂರು ಲೋಟ. ಮೂರರಲ್ಲೂ ಆರಾರೂಟ್ ಕಾಫಿ.

"ಮೊದಲು ನೀವು ಕುಡಿದು ತೋರ್ಸಿ ಸಿಸ್ಟರ್. ನೋಡ್ತೀನಿ" ಎಂದರು.

ನಾನು ಲೋಟ ಎತ್ತಿಕೊಂಡೆ. ತುಟಿಯ ಹತ್ತಿರ ಬಂದಾಗ ನನ್ನ ಕತ್ತು ತಾನಾಗಿ ಹಿಂದಕ್ಕೆ ಹೋಯಿತು. ಬಗ್ಗಿಸಿದೆ. ಲೋಟದ ಅಂಚನ್ನು ತುಟಿಗಳ ನಡುವೆ ಎಷ್ಟು ಹಿಡಿಯಬೇಕೋ ತಿಳಿಯಲಿಲ್ಲ. ಓರೆ ಮಾಡಿದೆ. ಗಟ್ಟಿ ಕಾಫಿ ಮೊದಲು ಬರಲೇ ಇಲ್ಲ, ಆಮೇಲೆ ಒಟ್ಟಿಗೆ ಬಂದು ಗದ್ದದ ಮೇಲಿಂದ ಬಿಳಿ ಸೀರೆಗೆ ಇಳಿಯಿತು.

"ನಿಮಗೂ ಬರಲ್ವಲ್ಲ" ಎಂದರು ಪದ್ಮಾವತಮ್ಮ.

"ಅಭ್ಯಾಸ ಇಲ್ಲ" ಎಂದೆ.

"ಅಭ್ಯಾಸ ಇಲ್ದಿರೋದನ್ನ ಎಷ್ಟು ಜನಕ್ಕೆ ಪಾಠ ಮಾಡಿದ್ರಿ ಇಲ್ಲೀವರ್ಗೂ?"

ರಾಯರ ಗಂಟಲಿನಿಂದ ಒಂದು ಸದ್ದು ಬಂತು. ಇಬ್ಬರೂ ಹೆದರಿ ತಿರುಗಿದೆವು. ಅವರು ನಗುತ್ತಿದ್ದರು, ಬಾಯಿಯ ಎಡ ಅರ್ಧದಲ್ಲಿ. ಲಕ್ವ ಹೊಡೆದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪದ್ಮಾವತಮ್ಮ ಅವರನ್ನೇ ನೋಡುತ್ತಾ ಎರಡನೆಯ ಲೋಟ ಎತ್ತಿಕೊಂಡರು. ಕಣ್ಣು ಮುಚ್ಚಿದರು. ಮತ್ತೆ ತೆರೆದರು, ಮುಚ್ಚಿದರೆ ತೋರಿಸಿದಂತಾಗುವುದಿಲ್ಲವಲ್ಲ. ಲೋಟವನ್ನು ತುಟಿಗಿಟ್ಟು, ಗದ್ದ ಬಗ್ಗಿಸಿ, ಒಂದು ಗುಟುಕು ತೆಗೆದುಕೊಂಡು ನುಂಗಿದರು. ಒಂದು ಹನಿಯೂ ಚೆಲ್ಲಲಿಲ್ಲ. ರಾಯರ ಕಣ್ಣು ಅವರ ಬಾಯಿಯ ಮೇಲೆಯೇ ಇತ್ತು. ಮೂರನೆಯ ಲೋಟವನ್ನು ನಾನು ಹಿಡಿದು ಅವರ ತುಟಿಗೆ ತಂದೆ. ತಲೆ ಮೇಲೆದ್ದಿತು. ಪದ್ಮಾವತಮ್ಮ ಇನ್ನೊಂದು ಗುಟುಕು ಕುಡಿದರು. ತಲೆ ಸ್ವಲ್ಪ ಇಳಿಯಿತು. ಇನ್ನೊಂದು. ಐದನೆಯದೋ ಆರನೆಯದೋ ಗುಟುಕಿಗೆ ರಾಯರ ಗದ್ದ ಎದೆಯ ಕಡೆ ಬಗ್ಗಿತು, ತುಟಿ ಅಂಚನ್ನು ಹಿಡಿಯಿತು, ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. "ಆ" ಅನ್ನಿಸಿದೆ. ಧ್ವನಿ ಸ್ವಚ್ಛವಾಗಿತ್ತು.

ಪದ್ಮಾವತಮ್ಮ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು. "ಥೂ, ಗೋಂದು. ಪಾಪ, ಇಷ್ಟು ದಿನ ಇದನ್ನ ಹೇಗ್ರೀ ಕುಡಿದ್ರಿ?" ಎಂದು ಗಂಡನನ್ನು ಕೇಳಿದರು. ಮರುದಿನದಿಂದ ಡಿಕಾಕ್ಷನ್ ಇನ್ನಷ್ಟು ಗಟ್ಟಿಯಾಗಿ ಇಳಿಸಿ, ಆರಾರೂಟನ್ನು ಮೊದಲು ತಣ್ಣನೆಯ ಹಾಲಿನಲ್ಲಿ ಕದಡಿ ಬೇಯಿಸಿ, ಕುಡಿಯಬಹುದಾದ ಒಂದು ಕಾಫಿಯನ್ನು ಅವರೇ ಕಂಡುಹಿಡಿದರು. ತಾವು ಕುಡಿದು ನೋಡಿದ್ದರಿಂದಲೇ ಅದು ಸಾಧ್ಯವಾಯಿತು. ಹಜಾರದ ಕಿಟಕಿಯ ಕಟ್ಟೆಯ ಮೇಲೆ ಗಂಡಹೆಂಡಿರ ಆ ಎರಡು ಲೋಟಗಳು ಬೇರೆಯೇ ಇರುತ್ತಿದ್ದವು, ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಪ್ರತಿ ಸಲ ಕುಡಿದ ಮೇಲೆ ಅವರು ಬಾಯಿ ಮುಕ್ಕಳಿಸಿ ಕೈಕಾಲು ತೊಳೆದೇ ಒಳಗೆ ಹೋಗುತ್ತಿದ್ದರು. ಅವರ ನಿಯಮವೂ ಉಳಿಯಿತು, ನನ್ನದೂ ಉಳಿಯಿತು.

ದಸರೆ ಕಳೆಯಿತು. ದೀಪಾವಳಿಯಲ್ಲಿ ಎಡೆಬಿಡದೆ ಮಳೆ ಹಿಡಿದು ಇಡೀ ಬೀದಿ ಕೆಮ್ಮಿತು, ರಾಯರು ಕೆಮ್ಮಲಿಲ್ಲ. ಕಾರ್ತಿಕದ ಒಂದು ಬೆಳಿಗ್ಗೆ ಹಿರಿಯ ವೈದ್ಯರು ಅವರ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಎರಡೂ ಕಡೆ ಸ್ವಚ್ಛ ಎಂದರು. ಇನ್ನು ಕೊಳವೆಯ ಮಾತಿಲ್ಲ ಎಂದು ಪುಸ್ತಕದಲ್ಲಿ ಬರೆದರು. ಪದ್ಮಾವತಮ್ಮ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ರಾಯರು ಆಮೇಲೆ ಆರು ವರ್ಷ ಬದುಕಿದ್ದರು. ಹೋದದ್ದು ಹೃದಯದ ತೊಂದರೆಯಿಂದ, ಎದೆಯ ಕಫದಿಂದಲ್ಲ.

ಆ ಕಾರ್ತಿಕದಲ್ಲೇ ನಾನು ಗುರುವಾರದ ತರಗತಿಯ ಕ್ರಮ ಬದಲಿಸಿದೆ. ಒಪ್ಪಿಸುವುದನ್ನು ನಿಲ್ಲಿಸಿದೆ. ಬಂದವರಿಗೆಲ್ಲ ಮೊದಲು ಒಂದೊಂದು ಲೋಟ ನೀರು ಕೊಟ್ಟು, ಮನೆಯಲ್ಲಿ ಹೇಗೆ ಕುಡಿಯುತ್ತೀರೋ ಹಾಗೆ ಕುಡಿಯಿರಿ ಎಂದು ಹೇಳಿ ಸುಮ್ಮನೆ ನೋಡುತ್ತಿದ್ದೆ. ಹತ್ತರಲ್ಲಿ ಏಳೆಂಟು ಕತ್ತುಗಳು ಹಿಂದಕ್ಕೆ ಹೋಗುತ್ತಿದ್ದವು. ಪಾಠ ಅಲ್ಲಿಂದ ಶುರು.

ಕಚ್ಚಿ ಕುಡಿಯುವುದನ್ನು ತೋರಿಸಲು ಒಬ್ಬರು ಬೇಕಾಗಿತ್ತು. ನನ್ನದು ಇನ್ನೂ ಚೆಲ್ಲುತ್ತಿತ್ತು. ಪದ್ಮಾವತಮ್ಮನವರನ್ನು ಕೇಳಿದೆ. ನಾಲ್ಕು ಜನರ ಮುಂದೆ ಅದೊಂದು ಸಾಧ್ಯವಿಲ್ಲ ಎಂದರು. ಮುಂದಿನ ಗುರುವಾರ ಮೂರಕ್ಕೆ ಐದು ನಿಮಿಷ ಇರುವಾಗ ಕೈಚೀಲದಲ್ಲಿ ಸ್ವಂತ ಲೋಟ ಇಟ್ಟುಕೊಂಡು ಬಂದರು. ಹತ್ತು ಹನ್ನೆರಡು ಜನರ ಎದುರು ಗದ್ದ ಬಗ್ಗಿಸಿ ಕುಡಿದು ತೋರಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಎಂಜಲು ಎಂದು ಗೊಣಗಿದ್ದು ಕೇಳಿಸಿತು. ಅವರು ಲೋಟ ಕೆಳಗಿಡದೆ, "ಹೌದು, ಎಂಜಲೇ. ಮನೆಗೆ ಹೋಗಿ ಸ್ನಾನ ಮಾಡ್ತೀನಿ. ನಮ್ಮನೆಯೋರು ಬದುಕಿದಾರೆ" ಎಂದು ಹೇಳಿ ಇನ್ನೊಂದು ಗುಟುಕು ಕುಡಿದರು. ಹೋಗಿ ನಿಜವಾಗಿಯೂ ಸ್ನಾನ ಮಾಡಿದರೆಂದು ಸುಧಾ ಆಮೇಲೆ ಹೇಳಿದಳು. ಎರಡು ವರ್ಷ, ಪ್ರತಿ ಗುರುವಾರ.

ಹೋದ ತಿಂಗಳು ಕ್ಲಿನಿಕ್ಕಿನ ಹುಡುಗಿ ಕೊಟ್ಟ ಹಾಳೆಯನ್ನು ಆರಾರೂಟ್ ಹಾಲು ಆರುವಷ್ಟರಲ್ಲಿ ಪೂರ್ತಿ ಓದಿದೆ. ಒಳ್ಳೆಯ ಹಾಳೆ. ನನ್ನ ಹನ್ನೆರಡು ಸಾಲಿಗಿಂತ ಚೆನ್ನಾಗಿದೆ. ಆದರೆ ನೀರನ್ನು ಹೇಗೆ ಕುಡಿಯುತ್ತೀರಿ ಎಂದು ಅವಳು ನನ್ನನ್ನು ಕೇಳಿರಲಿಲ್ಲ, ಹಾಳೆಯಲ್ಲೂ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ನಾನು ಅಂದಿನವರೆಗೂ ಎತ್ತಿಯೇ ಕುಡಿಯುತ್ತಿದ್ದವಳು. ಅವತ್ತು ಲೋಟವನ್ನು ತುಟಿಗಿಟ್ಟು, ಗದ್ದ ಬಗ್ಗಿಸಿ ಕುಡಿದೆ. ಸ್ವಲ್ಪ ಚೆಲ್ಲಿತು. ಹಾಳೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು. ಅಲ್ಲಿ ಒಂದು ಸಾಲು ಬರೆದು, ಮರುದಿನ ಒಂಬತ್ತಕ್ಕೆ ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಹೋಗಿ ಅವಳ ಮೇಜಿನ ಮೇಲಿಟ್ಟು ಬಂದೆ.